ಕೋಲಾರ ಸೀಮೆಯ ಚಿತ್ರ ಅಂಚೆಕಾರ್ಡುಗಳು: ಚರಿತ್ರೆಯ ಆಕರವಾಗಿ ಅವುಗಳ ಓದು

ಸ್ಥಳೀಯ ಚರಿತ್ರೆಯ ರಚನೆಯಲ್ಲಿ ಶಾಸನ, ಕಡತ ಹಾಗೂ ಗ್ಯಾಸೆಟಿಯರುಗಳಿಗೆ ಸಂದಿರುವ ಮನ್ನಣೆ ಚಿತ್ರ ಅಂಚೆಕಾರ್ಡುಗಳಿಗೆ ಸಂದಿಲ್ಲ. ಆಸ್ಟ್ರಿಯಾ-ಹಂಗೆರಿಯಲ್ಲಿ 1869ರಲ್ಲಿ ಮೊದಲ್ಗೊಂಡ ಅಂಚೆಕಾರ್ಡು 1879ರಲ್ಲಿ ಕಾಲಾಣೆ ಬೆಲೆಗೆ ಭಾರತದಲ್ಲಿ ಬಳಕೆಗೆ ಬಂದಿತು. ಚಿತ್ರವಿರುವ ಕಾರ್ಡುಗಳ ಸುಗ್ಗಿಯ ಕಾಲವೆಂದರೆ 1914ರ ಯುದ್ಧಕ್ಕೆ ಮುಂಚಿನ ಒಂದೂವರೆ ದಶಕ. ಇಂಗ್ಲೆಂಡಿನ ಬ್ರೈಟನ್, ಬ್ಲ್ಯಾಕ್‌ಪೂಲ್‌ಗಳಂತಹ ಕಡಲತಡಿಯ ವಿಹಾರಧಾಮಗಳ ಉದ್ಯಾನ ಮತ್ತು ಅಡ್ಡಾಡುವ ಹಾದಿಗಳು ಅಂದಿನ ಕಾರ್ಡುಗಳ ಅಚ್ಚುಮೆಚ್ಚಿನ ವಸ್ತುಗಳಾಗಿದ್ದವು.

ಕೋಲಾರ ಸೀಮೆಗೆ ಕಡಲಿಲ್ಲ. ಆದರೆ ಆ ವಿಹಾರದೃಷ್ಟಿ ಇಲ್ಲಿಗೆ ಅಪರಿಚಿತವಾಗಿರಲಿಲ್ಲ. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಜೋಲಾರಪೇಟೆಯ ಮಾರ್ಗವಾಗಿ ಮದರಾಸಿಗೆ ರೈಲುಸಂಪರ್ಕವಿತ್ತು. ಗ್ರಾಂಟ್ ಡಫ್ ಗವರ್ನರನಾಗಿದ್ದ ಕಾಲದಲ್ಲಿ (1881-1886) ರೂಪುಗೊಂಡ ಮರೀನಾ ಈ ಸೀಮೆಗೆ ಹತ್ತಿರದ ಕಡಲ ವಿಹಾರಪಥ. ಒಳನಾಡಿನಲ್ಲಿ ಅದೇ ಬಗೆಯ ನೋಟಕ್ಕೆ ಒದಗುತ್ತಿದ್ದವು ಬೆಂಗಳೂರಿನ ಲಾಲ್‌ಬಾಗ್ ಮತ್ತು ನಂದಿಬೆಟ್ಟ. ಕಮಿಷನರ್ ಕಬ್ಬನ್ನನ ಬೇಸಗೆಯ ಬಂಗಲೆಯಿದ್ದ ನಂದಿಯು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾಗುವವರೆಗೆ ಕೋಲಾರ ಜಿಲ್ಲೆಗೇ ಸೇರಿತ್ತು.

ಕಾರ್ಡು ಮಾರಾಟದ ಸರಕು. ಕೊಳ್ಳುವ ಪ್ರವಾಸಿ, ಮಾರುವ ಅಂಗಡಿ ಹಾಗೂ ಅಂಚೆಗೆ ಹಾಕಲು ಅನುಕೂಲ ಇವು ಮೂರೂ ಕೂಡಿದೆಡೆ ಅದಕ್ಕೆ ಮಾರುಕಟ್ಟೆ. ಐರೋಪ್ಯ ನೌಕರರು ನೆಲೆಸಿದ್ದ ಚಿನ್ನದ ಗಣಿ ಪ್ರದೇಶದಲ್ಲಿ ಇವೆಲ್ಲವೂ ಇದ್ದವು. ಮಾಲೂರಿಗೆ 1864ರಿಂದಲೇ ರೈಲು ಇದ್ದರೂ ಅದು ವಿಹಾರಿಗಳ ತಂಗುದಾಣವಾಗಲಿಲ್ಲ. ಕೋಲಾರಕ್ಕೆ ಕಿರುಹಳಿಯ ರೈಲು ಬಂದದ್ದು 1913ರಲ್ಲಿ. ಶ್ರೀನಿವಾಸಪುರವನ್ನು ಅದು ಮುಟ್ಟಿದ್ದು ಅನಂತರ. ಮುಳಬಾಗಿಲಿಗೆ ರೈಲೇ ಬರಲಿಲ್ಲ. ಅಂತರಗಂಗೆ, ಕುರುಡುಮಲೆ, ಆವನಿಗಳಿಗೆ ಜನ ಬರುತ್ತಿದ್ದುದು ಯಾತ್ರಿಕರಾಗಿ. ವಿಹಾರದ ನೋಟವನ್ನು ಕೊಂಡು ಊರಿಗೆ ಕಳುಹಿಸುವುದು ಅವರ ರೂಢಿಯಲ್ಲ. ಆದಕಾರಣ ಕಾರ್ಡುಗಳ ವಿರಳತೆಯನ್ನು ಊರಿನ ಮಹತ್ತ್ವದ ಅಳತೆಯೆಂದು ಭಾವಿಸುವುದು ತಪ್ಪಾಗುತ್ತದೆ.

ಕಾರ್ಡಿನ ಕಾಲನಿರ್ಣಯಕ್ಕೆ ಚಿತ್ರಕ್ಕಿಂತ ಹಿಂಬದಿಯೇ ಹೆಚ್ಚು ನೆರವಾಗುವುದುಂಟು. ವಿಳಾಸ ಮತ್ತು ಒಕ್ಕಣೆಗಳಿಗೆ ಹಿಂಬದಿಯನ್ನು ಗೆರೆಯಿಂದ ಇಬ್ಭಾಗಿಸುವ ಪದ್ಧತಿ ಬ್ರಿಟನ್ನಿನಲ್ಲಿ 1902ರಲ್ಲಿ ಜಾರಿಗೆ ಬಂದು, ಬಳಿಕ ಇತರೆಡೆ ಹರಡಿತು. ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾದುದರಿಂದ ಈ ಸೀಮೆಯ ಕಾರ್ಡುಗಳ ಮೇಲಿರುವುದು ಬ್ರಿಟಿಷ್ ಇಂಡಿಯಾದ ಅಂಚೆಚೀಟಿ. ಏಳನೆಯ ಎಡ್ವರ್ಡನ ಮುದ್ರೆಯಿದ್ದರೆ ಆ ಚೀಟಿ 1902ಕ್ಕಿಂತ ಹಿಂದಿನದಲ್ಲ. ಐದನೆಯ ಜಾರ್ಜನದಾದರೆ 1911ಕ್ಕಿಂತ ಹಿಂದಿನದಲ್ಲ. ಆದರೆ ಇದು ಕಾರ್ಡನ್ನು ಕಳುಹಿಸಿದ ಕಾಲ. ಚಿತ್ರ ತೆಗೆದ ಕಾಲ ಅದಕ್ಕಿಂತ ಎಷ್ಟೋ ಹಿಂದಿನದಿರಬಹುದು. ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ತಲಪಿದ್ದು 1902ರಲ್ಲಿ. ಗಣಿಯ ಚಿತ್ರದಲ್ಲಿ ಆ ವಿದ್ಯುತ್ತಿನ ತಂತಿಗಂಬಗಳು ಕಂಡರೆ ಚಿತ್ರದ ಕಾಲಕ್ಕೆ ಒಂದು ಮೇರೆ ಸಿಗುತ್ತದೆ.

ಸ್ಥಳನಿರ್ಣಯದಲ್ಲಿಯೂ ತೊಡಕುಂಟು. ‘ನಂದಿದ್ರೂಗ್’ ಎಂಬ ಶೀರ್ಷಿಕೆ ಬೆಟ್ಟವನ್ನು ಹೇಳುವಂತೆಯೇ ಕೆ.ಜಿ.ಎಫ್.ನ ನಂದಿದ್ರೂಗ್ ಗಣಿಯನ್ನೂ ಹೇಳುತ್ತದೆ. ಹೆಸರನ್ನಷ್ಟೇ ನಂಬಿ ಸೂಚಿ ಸಿದ್ಧಪಡಿಸಿದರೆ ಗಣಿಯ ಬಂಗಲೆಯು ಗಿರಿಧಾಮದ ಬಂಗಲೆಯಾಗಿ ದಾಖಲಾಗುವ ಅಪಾಯವಿದೆ. ಬಣ್ಣವೂ ವಿಶ್ವಾಸಾರ್ಹವಲ್ಲ. ಕಪ್ಪು-ಬಿಳುಪು ಛಾಯಾಚಿತ್ರಕ್ಕೆ ಮುದ್ರಣದ ಹಂತದಲ್ಲಿ, ಅನೇಕ ವೇಳೆ ಜರ್ಮನಿಯ ಮುದ್ರಣಾಲಯಗಳಲ್ಲಿ, ಸ್ಥಳವನ್ನೇ ಕಾಣದವರು ಬಣ್ಣ ತುಂಬುತ್ತಿದ್ದರು. ಬಯಲುಸೀಮೆಯ ಒಣನೆಲ ಕಾರ್ಡಿನಲ್ಲಿ ಹಸಿರಾಗಿ ತೋರಿದರೆ ಅದನ್ನು ಮಳೆಬೆಳೆಗೆ ಸಾಕ್ಷ್ಯವೆನ್ನಲಾಗದು.

ಚೌಕಟ್ಟಿನ ಆಚೆಗಿನದೂ ವಿಚಾರಾರ್ಹ. ಗಣಿಬಾವಿಯ ಮೇಲಿನ ಗೋಪುರ, ಬಂಗಲೆ, ಹೂದೋಟಗಳು ದೂರದೂರಿಗೆ ಕಳುಹಿಸಲು ಒಪ್ಪುವ ನೋಟಗಳು. ಬಹುಪಾಲು ತಮಿಳು ನಾಡಿನಿಂದಲೂ ಆಂಧ್ರದ ಕಡೆಯಿಂದಲೂ ಬಂದು ಸಾಲುಮನೆಗಳಲ್ಲಿ ನೆಲೆಸಿ, ನೆಲದಡಿ ದುಡಿದವರ ಬಾಳು ಅಂಥ ನೋಟಗಳಿಂದ ತಿಳಿಯುವುದಿಲ್ಲ. 2001ರಲ್ಲಿ ಗಣಿಗಳು ಮುಚ್ಚಿದ ತರುವಾಯ ಅಲ್ಲಿನ ಹಳೆಯ ಕಟ್ಟಡ, ಯಂತ್ರಗಳ ಸ್ವರೂಪವನ್ನು ಅರಿಯಲು ಕಾರ್ಡುಗಳ ನೆರವು ಹೆಚ್ಚು ಬೇಕಾಗಿದೆ. ಅವುಗಳ ಮೌನವನ್ನೂ ಗುರುತಿಸಿದಾಗಲೇ ಆ ನೆರವು ಸಾರ್ಥಕ.

ಗ್ರಂಥಾಲಯಗಳು ಕಾರ್ಡಿನ ಎರಡೂ ಬದಿಗಳ ಪ್ರತಿಯನ್ನು ಉಳಿಸಿಕೊಳ್ಳುವುದು, ಮುದ್ರಿತ ಶೀರ್ಷಿಕೆಯನ್ನು ಇದ್ದಂತೆಯೇ ನಮೂದಿಸಿ ಇಂದಿನ ಊರು, ತಾಲ್ಲೂಕುಗಳನ್ನು ಬೇರೆಯಾಗಿ ಸೂಚಿಸುವುದು, ಮುದ್ರಣದ ಹಾಗೂ ರವಾನೆಯ ಕಾಲಗಳನ್ನು ಪ್ರತ್ಯೇಕಿಸುವುದು ಅವಶ್ಯ. ಹಿಂಬದಿಯನ್ನು ಹಾಳೆಗೆ ಅಂಟಿಸಿಬಿಟ್ಟರೆ ಉಳಿಯುವುದು ಅಂದವಾದ ಚಿತ್ರ ಮಾತ್ರ; ದಾಖಲೆಯ ಅರ್ಧ ಕಳೆದುಹೋಗಿರುತ್ತದೆ.