ಡಿಸ್ಕಿಗೂ ಬೇಕು ದಶವಂದ

ಕೋಲಾರದ ನಮ್ಮ ಮನೆಯಲ್ಲಿ ಹಿಂದೆ ರಾಗಿ ಮೂಟೆಗಳನ್ನಿಡುತ್ತಿದ್ದ ಸಣ್ಣ ಕೋಣೆಯೊಂದಿದೆ. ಕೆಲವು ವರ್ಷಗಳಿಂದ ಅಲ್ಲಿ ಒಂದು ಹಳೆಯ ಸರ್ವರ್ ಹಗಲಿರುಳೂ ಗುಂಯ್‌ಗುಡುತ್ತಿದೆ. ಬೆಂಗಳೂರಿನ ಯಾವುದೋ ಕಂಪನಿ ಐದಾರು ವರ್ಷ ದುಡಿಸಿಕೊಂಡು ಹೊರಹಾಕಿದ ಯಂತ್ರ ಅದು. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಅದನ್ನು ಕೊಂಡಾಗ ಮಾರುವ ಹುಡುಗ ನನ್ನ ನರೆಗೂದಲನ್ನು ನೋಡಿ, "ಇದನ್ನ ಮನೇಲಿಟ್ಕೊಂಡು ಏನ್ ಮಾಡ್ತೀರಾ ಸರ್?" ಎಂದು ಕೇಳಿದ್ದ. ಚುಟುಕಾದ ಉತ್ತರ ನನ್ನ ಬಳಿ ಇರಲಿಲ್ಲ. ಬೆಂಗಳೂರು ಬಳಸಿ ಬಿಟ್ಟ ನೀರು ಸಂಸ್ಕರಣೆಗೊಂಡು, ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ನಮ್ಮ ಲಕ್ಷ್ಮೀಸಾಗರ ಕೆರೆಯನ್ನು ತಲುಪಿದ್ದು 2018ರ ಜೂನ್‌ನಲ್ಲಿ. ಬೆಂಗಳೂರು ಬಳಸಿ ಬಿಟ್ಟ ಈ ಯಂತ್ರ ನಮ್ಮ ಮನೆ ತಲುಪಿದ್ದು ಅದರ ಮರುವರ್ಷ. ಬರದ ಸೀಮೆಯವರು ಇನ್ನೊಬ್ಬರು ಬಳಸಿದ್ದೆಂದು ಮೂಗು ಮುರಿಯುವಂತಿಲ್ಲ.

ಆ ಹುಡುಗನಿಗೆ ಕೊಡಬೇಕಿದ್ದ ಉತ್ತರ ಇದು. ನನ್ನ ತಾಯಿಯ ತವರು ಮುಳಬಾಗಿಲಿನ ಸಮೀಪದ ಒಂದು ಹಳ್ಳಿ. ಗಡಿನಾಡಿನ ಹೆಂಗಸರಂತೆ ಅವರೂ ಬೀಸುವಾಗ ಕನ್ನಡದಲ್ಲಿ ಒಂದು ಪದ ಹಾಡಿದರೆ, ನಾಟಿ ಹಾಕುವಾಗ ತೆಲುಗಿನಲ್ಲಿ ಇನ್ನೊಂದನ್ನು ಹಾಡುತ್ತಿದ್ದರು. 1988ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಟೇಪ್‌ರೆಕಾರ್ಡರ್ ಕೊಂಡು ಅಂಥ 26 ಹಾಡುಗಳನ್ನು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದೆ. 1996ರಲ್ಲಿ ತಾಯಿ ತೀರಿಕೊಂಡರು. 2012ರಲ್ಲಿ ಆ ಹಾಡುಗಳನ್ನು ಕಂಪ್ಯೂಟರಿಗೆ ಏರಿಸಿ ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿ ಬೀರುವಿನಲ್ಲಿಟ್ಟೆ. ಇನ್ನೇಕೆ ಎಂದು ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿದೆ. ಆರು ವರ್ಷಗಳ ಬಳಿಕ ಡಿಸ್ಕನ್ನು ತೆಗೆದು ಜೋಡಿಸಿದಾಗ ಟಿಕ್ ಟಿಕ್ ಎಂಬ ಶಬ್ದವನ್ನಷ್ಟೇ ಮಾಡಿತು. ಅಳಿದುದನ್ನು ಹೊರತೆಗೆದುಕೊಡುವ ಅಂಗಡಿಯೊಂದರಲ್ಲಿ ಹಣ ತೆತ್ತ ಮೇಲೆ 17 ಹಾಡುಗಳು ಮರಳಿದವು. ಒಂಬತ್ತು ಮರಳಲಿಲ್ಲ.

ನಾನು ಅರ್ಥಶಾಸ್ತ್ರ ಓದಿದವನು. ಸವಕಳಿ ಎಂಬ ಪದವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು. ಯಂತ್ರವೊಂದನ್ನು ಕೊಂಡ ದಿನದಿಂದಲೇ ಅದರ ಮೌಲ್ಯ ಕರಗತೊಡಗುತ್ತದೆ, ಆ ಕರಗುವಿಕೆಗೆ ವರ್ಷವರ್ಷವೂ ಹಣ ತೆಗೆದಿಡಬೇಕು ಎಂಬುದು ಅದರ ತಿರುಳು. ಆದರೆ ಕೂಡಿಟ್ಟ ನೆನಪುಗಳಿಗೂ ಸವಕಳಿಯುಂಟು ಎಂಬುದು ನನಗೆ ಹೊಳೆದಿರಲಿಲ್ಲ. ಇಟ್ಟೆ ಎಂದರೆ ಉಳಿಯಿತು ಎಂದೇ ಭಾವಿಸಿದ್ದೆ.

ಹಾರ್ಡ್ ಡಿಸ್ಕ್ ಪುಸ್ತಕದಂತೆ ಸುಮ್ಮನೆ ಕೂರುವ ವಸ್ತುವಲ್ಲ. ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ 7,200 ಸುತ್ತು ತಿರುಗುತ್ತವೆ. ಅಂಚಿನ ವೇಗ ಗಂಟೆಗೆ ನೂರು ಕಿಲೋಮೀಟರಿಗೂ ಹೆಚ್ಚು. ಓದುವ ಮೊನೆ ಆ ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ಸಾವಿರಾರು ಪಾಲಿನಲ್ಲಿ ಒಂದು ಪಾಲಿನಷ್ಟು ಅಂತರದಲ್ಲಿ ತೇಲುತ್ತಿರುತ್ತದೆ. ಇಂಥದ್ದು ಒಂದು ದಿನ ನಿಲ್ಲುತ್ತದೆ ಎಂಬುದಕ್ಕಿಂತ ಇಷ್ಟು ದಿನ ನಡೆಯುತ್ತದೆ ಎಂಬುದೇ ಆಶ್ಚರ್ಯ. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಮುಖ್ಯ ಸಂಗತಿಗಳಿವೆ. ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್, ದೋಷ ಕಾಣದ ಡಿಸ್ಕಿಗಿಂತ 60 ದಿನಗಳೊಳಗೆ ಕೆಡುವ ಸಂಭವ 39 ಪಟ್ಟು ಹೆಚ್ಚು. ಆದರೆ ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಕೆಡುವ ಮುನ್ನ ಮುಖ್ಯ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಎಚ್ಚರಿಕೆ ಬಂದರೆ ಕೂಡಲೇ ನಂಬಬೇಕು. ಬಂದಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಈ ಅರಿವಿನಿಂದಲೇ ಸರ್ವರ್ ಕೊಂಡೆ. ಜೊತೆಗೆ ಬಳಸಿದ ಆರು ಡಿಸ್ಕ್‌ಗಳನ್ನೂ ತಂದೆ. ಡಿಸ್ಕ್ ತಾನು ಎಷ್ಟು ಗಂಟೆ ದುಡಿದಿದ್ದೇನೆಂಬ ಲೆಕ್ಕವನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ನನ್ನವು ತಲಾ 40 ಸಾವಿರ ಗಂಟೆಗಳನ್ನು ದಾಟಿದ್ದವು. ಅಂದರೆ ಸುಮಾರು ನಾಲ್ಕೂವರೆ ವರ್ಷಗಳ ಬಿಡುವಿಲ್ಲದ ಸೇವೆ. ಆ ಲೆಕ್ಕವನ್ನು ಅಳಿಸಿ ಹಳೆಯ ಡಿಸ್ಕನ್ನು ಹೊಸದೆಂದು ಮಾರಿದ ಪ್ರಕರಣಗಳು 2025ರಲ್ಲಿ ಯೂರೋಪಿನಲ್ಲಿ ಬೆಳಕಿಗೆ ಬಂದವು. ಹಳೆಯದನ್ನು ಹಳೆಯದೆಂದೇ ಹೇಳಿ ಕೊಟ್ಟ ನಮ್ಮ ಎಸ್.ಪಿ. ರಸ್ತೆಯ ಹುಡುಗನೇ ವಾಸಿ.

ಹಲವು ಡಿಸ್ಕ್‌ಗಳನ್ನು ಒಂದಾಗಿ ಕಟ್ಟಿ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡುವ ವಿಧಾನಕ್ಕೆ ರೇಡ್ ಎಂದು ಹೆಸರು. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ಬರೆದ ಪ್ರಬಂಧದಿಂದ ಈ ಹೆಸರು ಪ್ರಚಾರಕ್ಕೆ ಬಂತು. ಗುಮಾಸ್ತನ ಭಾಷೆಯಲ್ಲಿ ಹೇಳುವುದಾದರೆ, ಐದು ಬಾಬುಗಳ ಮೊತ್ತವನ್ನು ಆರನೆಯ ಜಾಗದಲ್ಲಿ ಬರೆದಿಟ್ಟರೆ, ಯಾವುದೇ ಒಂದು ಬಾಬು ಅಳಿಸಿಹೋದರೂ ಉಳಿದವುಗಳಿಂದ ಅದನ್ನು ಕಂಡುಹಿಡಿಯಬಹುದು. ಎರಡು ಅಳಿಸಿಹೋದರೆ ಆಗದು.

2023ರ ಏಪ್ರಿಲ್‌ನಲ್ಲಿ ಒಂದು ಡಿಸ್ಕಿನ ಮುಂದೆ ಕಿತ್ತಳೆ ದೀಪ ಹತ್ತಿತು. ಪ್ರತಿ ಡಿಸ್ಕಿನ ಕ್ರಮಸಂಖ್ಯೆಯನ್ನು ಬರೆದು ಅದರ ಟ್ರೇ ಮೇಲೆ ಅಂಟಿಸಿದ್ದೆ. ಕೆಟ್ಟದ್ದರ ಬದಲು ಚೆನ್ನಾಗಿರುವುದನ್ನೇ ಎಳೆದುಬಿಡುವ ಅಪಾಯ ಈ ಕೆಲಸದಲ್ಲಿದೆ. ಸಂಖ್ಯೆಯನ್ನು ಎರಡು ಸಲ ಓದಿ, ಕೆಟ್ಟ ಡಿಸ್ಕನ್ನು ಹೊರತೆಗೆದು ಮೀಸಲಿಟ್ಟಿದ್ದ ಇನ್ನೊಂದನ್ನು ತೂರಿಸಿದೆ. ಯಂತ್ರವನ್ನು ನಿಲ್ಲಿಸುವ ಅಗತ್ಯವೂ ಬೀಳಲಿಲ್ಲ. ಉಳಿದ ಐದನ್ನೂ ಮೊದಲಿಂದ ಕೊನೆಯವರೆಗೆ ಓದಿ, ಹೋದುದನ್ನು ಲೆಕ್ಕ ಹಾಕಿ ಹೊಸದರಲ್ಲಿ ಬರೆಯುವ ಕೆಲಸ ಆರಂಭವಾಯಿತು. ರಾತ್ರಿ ಎರಡರ ಹೊತ್ತಿಗೆ ನೋಡಿದರೆ, ಇನ್ನೊಂದು ಡಿಸ್ಕಿನಲ್ಲಿ ಓದಲಾಗದ ಜಾಗಗಳ ಸಂಖ್ಯೆ ಏರುತ್ತಿತ್ತು. ಮಾಡಬಹುದಾದದ್ದು ಏನೂ ಇರಲಿಲ್ಲ. ಬೆಳಗಿನವರೆಗೆ ಆ ಕೋಣೆಯಲ್ಲೇ ಕುಳಿತಿದ್ದೆ.

ಕೆಲಸ ಮುಗಿದಾಗ ಯಂತ್ರವೇ ಹಾಳಾದ ಕಡತಗಳ ಪಟ್ಟಿ ಕೊಟ್ಟಿತು. ಒಟ್ಟು 41. ಹೆಚ್ಚಿನವು ಹಳೆಯ ಕಾಗದಪತ್ರಗಳ ಸ್ಕ್ಯಾನ್ ಪ್ರತಿಗಳು. ಎರಡು ಮಾತ್ರ ತಾಯಿಯ ಹಾಡುಗಳು.

ತಪ್ಪು ಎಲ್ಲಿತ್ತೆಂದು ಆಮೇಲೆ ತಿಳಿಯಿತು. ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ವಯಸ್ಸಿನ ಆರು ಡಿಸ್ಕ್‌ಗಳನ್ನು ಕೊಂಡಿದ್ದೆ. ಒಟ್ಟಿಗೆ ದುಡಿದವು ಒಟ್ಟಿಗೇ ದಣಿದವು. ಇದ್ದ ಜಮೀನಿಗೆಲ್ಲ ಟೊಮೆಟೊ ಹಾಕಿ, ಬೆಲೆ ಬಿದ್ದಾಗ ಬೀದಿಗೆ ಸುರಿದುಬರುವ ಕಷ್ಟವನ್ನು ಕಣ್ಣಾರೆ ಕಂಡ ಕೋಲಾರದವನಿಗೆ ಈ ಪಾಠ ಹೊಸದಾಗಬಾರದಿತ್ತು.

ಉಳಿಸಿದ್ದು ಸರ್ವರ್ ಅಲ್ಲ, ಶ್ರೀನಿವಾಸಪುರ. ಅಲ್ಲಿರುವ ತಂಗಿಯ ಮನೆಯಲ್ಲಿ ಎಲ್ಲದರ ಒಂದು ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಟ್ಟು ಬಂದಿದ್ದೆ. ಫೋನ್ ಮಾಡಿದಾಗ ಅವಳು, "ಅಕ್ಕಿ ಡಬ್ಬದ ಪಕ್ಕ ಹಂಗೇ ಐತೆ ಕಣಣ್ಣ, ಯಾರೂ ಮುಟ್ಟಿಲ್ಲ" ಎಂದಳು. ಸಂಜೆಯೊಳಗೆ 41 ಕಡತಗಳೂ ಮರಳಿದವು. ಜೊತೆಜೊತೆಯಾಗಿ ಕಟ್ಟಿದ ಡಿಸ್ಕ್‌ಗಳು ಒಂದು ಡಿಸ್ಕಿನ ಸಾವನ್ನು ತಡೆಯಬಲ್ಲವು. ಬೆಂಕಿ, ಸಿಡಿಲು, ಕಳವು ಮತ್ತು ನಮ್ಮದೇ ಕೈತಪ್ಪನ್ನು ತಡೆಯಲಾರವು. ಅದಕ್ಕೆ ಬೇರೆ ಊರಿನ ಪ್ರತಿಯೇ ಬೇಕು. ಈಗ ಮೂರನೆಯ ಪ್ರತಿ ಮಾಲೂರಿನಲ್ಲಿ, ತಂಗಿಯ ಮಗನ ಬಳಿ ಇದೆ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ದುರಸ್ತಿ ಅವನ ಕೆಲಸ. "ಮಷೀನ್ ತರೋ ದಿನಾನೇ ಅದರ ಸ್ಪೇರ್‌ಗೂ ದುಡ್ಡು ತೆಗೆದಿಡ್ತೀವಿ ಮಾವ. ಇಲ್ಲಾಂದ್ರೆ ಅದು ಮಷೀನ್ ಅಲ್ಲ, ಶೋಕಿ" ಎಂದು ಅವನು ಒಮ್ಮೆ ಹೇಳಿದ.

ಈ ಮಾತು ಸರ್ಕಾರಿ ಲೆಕ್ಕಪತ್ರಗಳ ನಡುವೆ ಬದುಕು ಸವೆಸಿದ ನನ್ನನ್ನು ಚುಚ್ಚಿತು. ರೈಲ್ವೆಗೆ ಸವಕಳಿ ಮೀಸಲು ನಿಧಿಯುಂಟು. ನಮ್ಮ ಸಾಮಾನ್ಯ ಇಲಾಖೆಗಳ ಲೆಕ್ಕದಲ್ಲಿ ಸವಕಳಿಗೆ ಜಾಗವಿಲ್ಲ. ಕಟ್ಟುವುದು ಬಂಡವಾಳ ವೆಚ್ಚ; ಅದಕ್ಕೆ ಶಿಲಾಫಲಕವಿದೆ, ಉದ್ಘಾಟನೆಯಿದೆ. ಕಾಪಾಡುವುದು ರಾಜಸ್ವ ವೆಚ್ಚ. ಮಿತವ್ಯಯದ ಆದೇಶ ಬಂದಾಗ ಕತ್ತರಿ ಮೊದಲು ಬೀಳುವುದು ಅದಕ್ಕೇ. ನಾನೂ ಅಂಥ ಕಡತಗಳಿಗೆ ಸಹಿ ಹಾಕಿದ್ದೇನೆ.

ನಮ್ಮ ಹಿರಿಯರು ಹಾಗಿರಲಿಲ್ಲ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದು. ಅದನ್ನು ತಿರುವಿದರೆ ಕೆರೆಗಳ ಮಾತು ಮತ್ತೆ ಮತ್ತೆ ಬರುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಕೆರೆ ಕಟ್ಟಿಸಿದವರಿಗೆ, ಒಡೆದ ಕೆರೆಯನ್ನು ಸರಿಪಡಿಸಿದವರಿಗೆ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಡುವ ಪದ್ಧತಿಯಿತ್ತು. ದಶವಂದ, ಬಿತ್ತುವಟ್ಟ, ಕಟ್ಟುಕೊಡುಗೆ ಎಂದು ಅದಕ್ಕೆ ಹೆಸರುಗಳೂ ಇದ್ದವು. ತೂಬನ್ನು ನೋಡಿಕೊಳ್ಳುವ ನೀರಗಂಟಿಗೆ ಊರಿನ ಕಣದಲ್ಲಿ ಪಾಲಿತ್ತು. ಕೆರೆಯೆಂದರೆ ಏರಿ ಮಾತ್ರವಲ್ಲ, ಏರಿಯನ್ನು ಕಾಯುವ ಏರ್ಪಾಡೂ ಹೌದು ಎಂಬ ತಿಳಿವಳಿಕೆ ಅದು. ಏರ್ಪಾಡು ಕುಸಿದಲ್ಲಿ ಹೂಳು ತುಂಬಿತು. ಏರಿಯ ಮೇಲೆ ಜಾಲಿ ಬೆಳೆಯಿತು.

ಈಗ ನಾವು ಹೊಸ ಬಗೆಯ ಕೆರೆಗಳನ್ನು ಕಟ್ಟುತ್ತಿದ್ದೇವೆ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ 15 ರೂಪಾಯಿಗೆ ಪಹಣಿ ಕೈಗೆ ಸಿಕ್ಕಿದ್ದು ಸಣ್ಣ ಕ್ರಾಂತಿಯಲ್ಲ. 2024ರಲ್ಲಿ ಆರಂಭವಾದ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಯ ಕಡತಗಳೇ ಸ್ಕ್ಯಾನ್ ಆಗುತ್ತಿವೆ. ಸ್ವಾಗತಾರ್ಹ ಕೆಲಸ. ರಾಜ್ಯ ಮಟ್ಟದ ದತ್ತಾಂಶ ಕೇಂದ್ರಕ್ಕೆ ತಜ್ಞರಿದ್ದಾರೆ. ನನ್ನ ಆತಂಕ ಅದಕ್ಕಿಂತ ಕೆಳಗಿನದು. ಶಾಲೆಯ ದಾಖಲಾತಿ, ಸಹಕಾರ ಸಂಘದ ಲೆಕ್ಕ, ದೇವಸ್ಥಾನದ ಕಾಗದಪತ್ರ, ಮನೆಮನೆಯ ಮದುವೆ ಫೋಟೊಗಳು ಒಂದೇ ಒಂದು ಡಿಸ್ಕಿಗೆ ಇಳಿದು ಕಬ್ಬಿಣದ ಬೀರು ಸೇರಿದರೆ ಅವಕ್ಕೆ ನೀರಗಂಟಿ ಯಾರು? ಸ್ಕ್ಯಾನ್ ಆಯಿತೆಂದು ಮೂಲ ಕಾಗದವನ್ನು ಗುಜರಿಗೆ ಹಾಕುವ ಮುನ್ನ ನನ್ನ ಕ್ಯಾಸೆಟ್ಟುಗಳನ್ನು ನೆನೆಯಬೇಕೆಂದು ವಿನಂತಿ.

ಎಲ್ಲರೂ ಮನೆಯಲ್ಲಿ ಸರ್ವರ್ ಇಡಿ ಎಂದು ನಾನು ಹೇಳಲಾರೆ. ನನ್ನ ಯಂತ್ರ ಸುಮಾರು 150 ವಾಟ್ ಎಳೆಯುತ್ತದೆ. ತಿಂಗಳಿಗೆ 108 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯಲ್ಲಿ ಅರ್ಧಕ್ಕೂ ಹೆಚ್ಚನ್ನು ಇದೊಂದೇ ನುಂಗುತ್ತದೆ. ಬಾಡಿಗೆಗೆ ಸಿಗುವ ಕ್ಲೌಡ್ ಜಾಗ ಹಲವರಿಗೆ ಇದಕ್ಕಿಂತ ಅಗ್ಗವಾಗಬಹುದು. ಆದರೆ ಬಾಡಿಗೆ ಕಟ್ಟುವವನು ಸತ್ತ ಮೇಲೆ ಆ ಕೀಲಿ ಯಾರ ಕೈಯಲ್ಲಿರುತ್ತದೆ ಎಂಬುದನ್ನೂ ಬರೆದಿಡಬೇಕು. ದಾರಿ ಯಾವುದಾದರೂ ಸರಿ, ಮೂರು ಕೆಲಸ ತಪ್ಪಬಾರದು: ಬೇರೆ ಊರಿನಲ್ಲಿ ಇನ್ನೊಂದು ಪ್ರತಿ, ವರ್ಷಕ್ಕೊಮ್ಮೆ ಅದನ್ನು ತೆರೆದು ನೋಡುವ ಅಭ್ಯಾಸ, ಡಿಸ್ಕ್ ಕೆಡುವ ಮೊದಲೇ ತೆಗೆದಿಟ್ಟ ಹಣ. ನಾನು ಪಿಂಚಣಿ ಬಂದ ದಿನ ಸಣ್ಣ ಮೊತ್ತವೊಂದನ್ನು ಡಬ್ಬಿಗೆ ಹಾಕುತ್ತೇನೆ. ನಮ್ಮ ಮನೆಯಲ್ಲಿ ಅದಕ್ಕೆ ದಶವಂದವೆಂದೇ ಹೆಸರು. ಅದರಿಂದ ವರ್ಷಕ್ಕೊಂದು ಡಿಸ್ಕ್ ಬದಲಾಗುತ್ತದೆ. ಆರಕ್ಕೆ ಆರೂ ಈಗ ಬೇರೆ ಬೇರೆ ವಯಸ್ಸಿನವಾಗುತ್ತಿವೆ.

ಕಳೆದುಹೋದ ಒಂಬತ್ತರಲ್ಲಿ ನಾಟಿ ಹಾಕುವಾಗಿನ ಒಂದು ತೆಲುಗು ಹಾಡಿತ್ತು. ಕಳೆದ ಮಾವಿನ ಕಾಲದಲ್ಲಿ ಶ್ರೀನಿವಾಸಪುರಕ್ಕೆ ಪ್ರತಿಯನ್ನು ಹೊಸದು ಮಾಡಲು ಹೋಗಿದ್ದಾಗ, ತಂಗಿಗೆ ಅದರಲ್ಲಿ ಎಷ್ಟು ನೆನಪಿದೆ ಎಂದು ಕೇಳಿದೆ. ಎರಡು ಸಾಲು ಹಾಡಿ ನಿಲ್ಲಿಸಿದಳು. ಮೂರನೆಯದು ಅವಳಿಗೂ ಬರಲಿಲ್ಲ. ಆ ಎರಡು ಸಾಲುಗಳನ್ನು ಅಲ್ಲೇ ಧ್ವನಿಮುದ್ರಿಸಿಕೊಂಡೆ. ಈಗ ಅವು ಕೋಲಾರದಲ್ಲಿವೆ, ಶ್ರೀನಿವಾಸಪುರದಲ್ಲಿವೆ, ಮಾಲೂರಿನಲ್ಲಿವೆ.