ಫೋನಿಗೆ ನಮ್ಮ ದೇಶ ಹೇಳಿಕೊಟ್ಟವರು ಯಾರು?

ಹೊಸ ಆ್ಯಪ್ ಹಾಕಿಕೊಂಡು ತೆರೆದು ನೋಡಿ. ಫೋನ್ ನಂಬರ್ ಬರೆಯುವ ಜಾಗದಲ್ಲಿ +91 ಮೊದಲೇ ಬಂದು ಕೂತಿರುತ್ತದೆ, ಪಕ್ಕದಲ್ಲಿ ಪುಟ್ಟದೊಂದು ತ್ರಿವರ್ಣ ಧ್ವಜ. ನಾವಿನ್ನೂ ಬಾಯಿಯೇ ಬಿಟ್ಟಿಲ್ಲ! ನಾವು ಭಾರತದಲ್ಲಿದ್ದೇವೆ ಎಂದು ಅದಕ್ಕೆ ಚಾಡಿ ಹೇಳಿದವರು ಯಾರು?

ಆ್ಯಪ್ ಬರೆಯುವುದೇ ನನ್ನ ಕೆಲಸವಾದ್ದರಿಂದ ಈ ಗುಟ್ಟು ನನಗೆ ಗೊತ್ತು. ಚಾಡಿ ಹೇಳುವವರು ಒಬ್ಬರಲ್ಲ, ನಾಲ್ಕೈದು ಮಂದಿ. ತಮಾಷೆ ಏನೆಂದರೆ, ಅವರೆಲ್ಲ ಯಾವಾಗಲೂ ಒಂದೇ ಮಾತು ಹೇಳುವುದಿಲ್ಲ.

ಮೊದಲನೆಯದು ಸಿಮ್. ಉಗುರಿನಷ್ಟಿರುವ ಆ ಚೂರಿನೊಳಗೆ ಸಾಮಾನ್ಯವಾಗಿ 15 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಅದು ನಿಮ್ಮ ಫೋನ್ ನಂಬರ್ ಅಲ್ಲ, ಬೇರೆಯೇ. ಅದರ ಮೊದಲ ಮೂರು ಅಂಕಿ ದೇಶದ ಗುರುತು. ನಮ್ಮ ಸಿಮ್‌ಗಳಲ್ಲಿ ಸಾಮಾನ್ಯವಾಗಿ 404 ಅಥವಾ 405. ದುಬೈ ಇರುವ ಯುಎಇ ದೇಶಕ್ಕೆ 424. ಹುಬ್ಬಳ್ಳಿಯಲ್ಲಿ ಕೊಂಡ ಸಿಮ್ಮನ್ನು ಎಲ್ಲಿಗೆ ಒಯ್ದರೂ ಅದು ‘ನಾನು ಭಾರತದವನು’ ಎಂದೇ ಹೇಳುತ್ತದೆ.

ಎರಡನೆಯದು ಟವರ್. ಪ್ರತಿ ಟವರೂ ತನ್ನ ದೇಶದ ಮೂರು ಅಂಕಿಗಳನ್ನು ಸುತ್ತಲಿನ ಫೋನುಗಳಿಗೆ ಸಾರುತ್ತಲೇ ಇರುತ್ತದೆ, ಬಸ್ಸಿನಲ್ಲಿ ಕಂಡಕ್ಟರ್ ಸ್ಟಾಪಿನ ಹೆಸರು ಕೂಗುವ ಹಾಗೆ.

ಈಗ ಮಂಗಳೂರಿನ ಅಜ್ಜಿಯೊಬ್ಬರು ದುಬೈಯಲ್ಲಿರುವ ಮಗಳ ಮನೆಗೆ ಹೋದರೆನ್ನಿ. ಸಿಮ್ ಹೇಳುತ್ತದೆ, ‘ಭಾರತ’. ಟವರ್ ಹೇಳುತ್ತದೆ, ‘ಯುಎಇ’. ಹಾಗಾದರೆ ಇಂಟರ್‌ನೆಟ್ಟನ್ನೇ ಕೇಳೋಣವೇ? ಇಂಟರ್‌ನೆಟ್‌ಗೆ ಸೇರಿದ ಪ್ರತಿ ಫೋನಿಗೂ ಐಪಿ ವಿಳಾಸ ಎಂಬ ಒಂದು ಸಂಖ್ಯೆ ಸಿಗುತ್ತದೆ. ಈ ವಿಳಾಸಗಳನ್ನು ಪ್ರದೇಶವಾರು ಹಂಚುವ ಐದು ಸಂಸ್ಥೆಗಳು ಜಗತ್ತಿನಲ್ಲಿವೆ. ನಮ್ಮ ಏಷ್ಯಾ-ಪೆಸಿಫಿಕ್ ಪ್ರದೇಶದ್ದು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿದೆ. ಅಜ್ಜಿ ಮಗಳ ಮನೆಯ ವೈ-ಫೈ ಹಾಕಿಕೊಂಡರೆ ಈ ವಿಳಾಸ ಯುಎಇ ಎನ್ನುತ್ತದೆ. ಆದರೆ ಊರಿನ ಸಿಮ್‌ನಲ್ಲೇ ರೋಮಿಂಗ್ ಡೇಟಾ ಬಳಸಿದರೆ, ಆ ಡೇಟಾ ಬಹುತೇಕ ಭಾರತದ ಕಂಪನಿಯ ಮೂಲಕವೇ ಹಾದು ಹೋಗುವುದರಿಂದ, ಅದೇ ಕುರ್ಚಿಯಲ್ಲಿ ಕೂತ ಅದೇ ಅಜ್ಜಿ ಭಾರತದಲ್ಲಿದ್ದಾರೆ ಎಂದುಬಿಡುತ್ತದೆ!

ಇನ್ನು ಫೋನಿನ ಭಾಷೆ. ಅಜ್ಜಿಯ ಫೋನ್ ಕನ್ನಡದಲ್ಲಿದೆ. ಸೆಟ್ಟಿಂಗ್ಸ್ ಒಳಗೆ ‘ಕನ್ನಡ (ಭಾರತ)’ ಎಂದಿದೆ. ಅದು ಅವರು ಏನು ಓದುತ್ತಾರೆ ಎಂಬುದಕ್ಕೆ ಉತ್ತರವೇ ಹೊರತು, ಎಲ್ಲಿದ್ದಾರೆ ಎಂಬುದಕ್ಕಲ್ಲ.

ಇದೆಲ್ಲ ಬರೀ ಒಗಟಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಹಿರಿಯರಿಗೆ ಮಾತ್ರೆಯ ಹೊತ್ತು ನೆನಪಿಸುವ ಆ್ಯಪ್ ಒಂದನ್ನು ನಾವು ಬರೆಯುತ್ತಿದ್ದಾಗ ಅದರಲ್ಲೊಂದು ಕೆಂಪು ಗುಂಡಿ ಇಟ್ಟಿದ್ದೆವು. ಒತ್ತಿದರೆ ತುರ್ತು ಸಹಾಯಕ್ಕೆ ಕರೆ ಹೋಗಬೇಕು. ಭಾರತದಲ್ಲಿ 112, ಅಮೆರಿಕದಲ್ಲಿ 911, ಯುಎಇಯಲ್ಲಿ ಆಂಬುಲೆನ್ಸ್‌ಗೆ 998. ‘ಸಿಮ್ ನೋಡಿದರೆ ಸಾಕಲ್ವಾ?’ ಎಂದ ಜೊತೆಯ ಹುಡುಗ. ‘ಅಜ್ಜಿ ದುಬೈಯಲ್ಲಿ ಜಾರಿ ಬಿದ್ದರೆ ಆಂಬುಲೆನ್ಸ್ ಎಲ್ಲಿಂದ ಬರಬೇಕಪ್ಪಾ?’ ಎಂದೆ. ಎರಡು ದಿನ ಅದೇ ಚರ್ಚೆ. ಕೊನೆಗೆ ಕೆಂಪು ಗುಂಡಿ ಟವರಿನ ಮಾತು ಕೇಳಬೇಕು, ಅಕ್ಷರ ಫೋನಿನ ಭಾಷೆಯ ಮಾತು ಕೇಳಬೇಕು ಎಂದು ತೀರ್ಮಾನಿಸಿದೆವು. ದೇಶ ಬದಲಾದಂತೆ ಕಂಡರೆ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ, ‘ನೀವೀಗ ಯುಎಇಯಲ್ಲಿ ಇದ್ದೀರಾ?’ ಎಂದು ಕೇಳುವುದು. ಏಕೆಂದರೆ ಟವರೂ ಎಡವುವುದುಂಟು. ನಯಾಗರ ಜಲಪಾತ ಅಮೆರಿಕ ಮತ್ತು ಕೆನಡಾದ ಗಡಿಯಲ್ಲಿದೆ; ಅಮೆರಿಕದ ದಡದಲ್ಲಿ ನಿಂತವರ ಫೋನ್ ಕೆಲವೊಮ್ಮೆ ನದಿಯಾಚೆಯ ಕೆನಡಾದ ಟವರನ್ನು ಹಿಡಿದುಬಿಡುತ್ತದೆ.

‘ಜಿಪಿಎಸ್ ಇದೆಯಲ್ಲ?’ ಎಂದು ಮಕ್ಕಳು ಕೇಳಿಯೇ ಕೇಳುತ್ತೀರಿ. ಇದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಪೈಕಿ ಕನಿಷ್ಠ ನಾಲ್ಕರ ಸಂಕೇತ ಕೇಳಿಸಿಕೊಂಡು ಫೋನ್ ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಆದರೆ ಅದು ದೇಶವನ್ನಷ್ಟೇ ಅಲ್ಲ, ನಿಮ್ಮ ಮನೆಯನ್ನೇ ತೋರಿಸಿಕೊಡುತ್ತದೆ. ಅದಕ್ಕೇ ಫೋನ್ ನಿಮ್ಮ ಅನುಮತಿ ಕೇಳುವುದು. ದೇಶ ತಿಳಿಯಲು ಮನೆ ಬಾಗಿಲವರೆಗೆ ಬರುವ ಆ್ಯಪ್ ನನಗೆ ಸೇರುವುದಿಲ್ಲ. ಈಗಿನ ಫೋನುಗಳಲ್ಲಿ ನಿಖರ ಜಾಗದ ಬದಲು ಅಂದಾಜು ಜಾಗವನ್ನಷ್ಟೇ ಕೊಡುವ ಆಯ್ಕೆಯೂ ಇದೆ. ಹೆಚ್ಚಿನ ಆ್ಯಪ್‌ಗಳಿಗೆ ಅಷ್ಟು ಸಾಕು.

ಒಂದು ಕೆಲಸ ಮಾತ್ರ ಈ ವಾರವೇ ಮಾಡಿ, ಮಕ್ಕಳೇ. ತಾತನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆ ನೋಡಿ. ಎಷ್ಟೋ ಫೋನುಗಳಲ್ಲಿ ‘ಇಂಗ್ಲಿಷ್ (ಯುನೈಟೆಡ್ ಸ್ಟೇಟ್ಸ್)’ ಎಂದಿರುತ್ತದೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಹಾಗಾಗಿ ಏಪ್ರಿಲ್ 3ರಂದು ಡಾಕ್ಟರನ್ನು ಕಾಣಬೇಕೆಂದು ಗುರುತು ಹಾಕಿದ್ದರೆ ಕೆಲವು ಆ್ಯಪ್‌ಗಳು ಅದನ್ನು 04/03 ಎಂದು ತೋರಿಸುತ್ತವೆ. ತಾತ ಅದನ್ನು ಮಾರ್ಚ್ 4 ಎಂದು ಓದುತ್ತಾರೆ. ಅಲ್ಲಿ ‘ಕನ್ನಡ’ ಅಥವಾ ‘ಇಂಗ್ಲಿಷ್ (ಇಂಡಿಯಾ)’ ಆರಿಸಿ. ತಾತನನ್ನು ಕೇಳಿಯೇ ಬದಲಿಸಿ. ಇಲ್ಲದಿದ್ದರೆ ಸಂಜೆಯವರೆಗೂ ‘ನನ್ನ ಫೋನಿಗೆ ಏನು ಮಾಡಿದೆ?’ ಎಂಬ ವಿಚಾರಣೆ ನಡೆಯುತ್ತದೆ.