ಆಕಾಶದ ದಾರಿಗೆ ಕಾವಲು ಯಾರು?

ಮುಂಬಯಿಯ ಕುರ್ಲಾ, ಘಾಟಕೋಪರಗಳ ಚಾಳುಗಳಲ್ಲಿ ವಾಸವಾಗಿರುವ ನಮ್ಮ ಬಂಧುಗಳಿಗೆ ವಿಮಾನವೆಂದರೆ ಹೊಸತೇನೂ ಅಲ್ಲ. ದಿನದ ಕೆಲಸ ಮುಗಿಸಿ ಗ್ಯಾಲರಿಯಲ್ಲಿ ಬಂದು ನಿಂತರೆ ತಲೆಯ ಮೇಲೆ ಒಂದರ ಹಿಂದೊಂದು ಇಳಿಯುತ್ತಿರುತ್ತವೆ. ರೈಲಿಗಾದರೆ ಹಳಿಯುಂಟು, ಕೈಕಂಬವುಂಟು. ಹಳಿಯಿಲ್ಲದ ಆಕಾಶದಲ್ಲಿ ಇವು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳುವವರು ಯಾರು? ಆ ಕೆಲಸವನ್ನು ಪೂರ್ತಿಯಾಗಿ ಯಂತ್ರಕ್ಕೇ ಒಪ್ಪಿಸಬಾರದೇಕೆ? ಈ ಎರಡು ಪ್ರಶ್ನೆಗಳನ್ನು ಈ ಸಲ ವಿಚಾರ ಮಾಡೋಣ.

ಕೆಲಸ ನಡೆಸುವವರು ನೆಲದ ಮೇಲೆ ಕುಳಿತ ನಿಯಂತ್ರಣಾಧಿಕಾರಿಗಳು. ಮುಂದೆ ರಾಡಾರ್ ಪರದೆ, ಕಿವಿಯಲ್ಲಿ ರೇಡಿಯೋ. ಅವರು ಪಾಲಿಸುವ ನಿಯಮ ಸರಳವಾದದ್ದು. ಎರಡು ವಿಮಾನಗಳ ಎತ್ತರದಲ್ಲಿ ಸಾಮಾನ್ಯವಾಗಿ 1,000 ಅಡಿ ಅಂತರವಿರಬೇಕು. ಅದಿಲ್ಲದಿದ್ದರೆ ನಿಲ್ದಾಣದ ಆಸುಪಾಸಿನಲ್ಲಿ 3ರಿಂದ 5 ನಾವಿಕ ಮೈಲಿ ದೂರವಾದರೂ ಇರಬೇಕು. ನಿಯಮ ಸರಳ, ನಡೆಸುವುದು ಕಠಿಣ. ಇದಕ್ಕೆ ನಮ್ಮ ದೇಶದಲ್ಲೇ ನಡೆದ ಒಂದು ದುರಂತ ಸಾಕ್ಷಿಯಾಗಿದೆ.

1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಸೌದಿ ಅರೇಬಿಯಾದ ಬೋಯಿಂಗ್ 747 ವಿಮಾನ 312 ಮಂದಿಯನ್ನು ಹೊತ್ತು ಮೇಲೇರುತ್ತಿತ್ತು. ಅವರಲ್ಲಿ ಹೆಚ್ಚಿನವರು ಭಾರತೀಯರು. ಅನೇಕರು ನಮ್ಮ ಹಾಗೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಹೊರಟ ಕೆಲಸಗಾರರು. ಎದುರಿನಿಂದ ಕಜಕಸ್ತಾನದ ಇಲ್ಯೂಷಿನ್ ವಿಮಾನ 37 ಮಂದಿಯೊಡನೆ ಇಳಿದು ಬರುತ್ತಿತ್ತು. ಬರುವುದಕ್ಕೂ ಹೋಗುವುದಕ್ಕೂ ಅಂದು ಒಂದೇ ದಾರಿ. ಬರುವ ವಿಮಾನ 15,000 ಅಡಿಯಲ್ಲಿ, ಹೋಗುವ ವಿಮಾನ 14,000 ಅಡಿಯಲ್ಲಿ ಇರಬೇಕೆಂದು ಅಪ್ಪಣೆಯಾಗಿತ್ತು. ಆದರೆ ಕಜಕಸ್ತಾನದ ವಿಮಾನ ಗೊತ್ತುಮಾಡಿದ ಎತ್ತರಕ್ಕಿಂತ ಕೆಳಗಿಳಿಯಿತು. ಹರಿಯಾಣದ ಚರಖಿ ದಾದ್ರಿಯ ಮೇಲೆ ಎರಡೂ ಡಿಕ್ಕಿ ಹೊಡೆದವು. 349 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ನ್ಯಾಯಮೂರ್ತಿ ಆರ್. ಸಿ. ಲಾಹೋಟಿಯವರ ಆಯೋಗ ವಿಚಾರಣೆ ನಡೆಸಿ, ಅಪ್ಪಣೆ ಮೀರಿ ಇಳಿದದ್ದೇ ಕಾರಣವೆಂದು ತೀರ್ಮಾನಿಸಿತು. ಆದರೆ ನಾವು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅಧಿಕಾರಿಯ ಮುಂದಿದ್ದ ಹಳೆಯ ಬಗೆಯ ರಾಡಾರ್, ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತಿರಲಿಲ್ಲ. ಎತ್ತರ ತಿಳಿಯಲು ವಿಮಾನದವರ ಬಾಯಿಮಾತೇ ಅವರಿಗೆ ಆಧಾರ.

ಆ ಬಳಿಕ ದೆಹಲಿಯಲ್ಲಿ ಬರುವ ದಾರಿ, ಹೋಗುವ ದಾರಿಗಳನ್ನು ಬೇರೆಬೇರೆ ಮಾಡಿದರು. ಎರಡನೆಯ ಬಗೆಯ ರಾಡಾರ್ ಬಳಕೆಗೆ ಬಂತು. ಇದು ವಿಮಾನವನ್ನು ಪ್ರಶ್ನೆ ಕೇಳುತ್ತದೆ. ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಉಪಕರಣ ತನ್ನ ಗುರುತನ್ನೂ ಎತ್ತರವನ್ನೂ ತಾನೇ ಹೇಳುತ್ತದೆ. ಕಂಪ್ಯೂಟರ್ ಅದನ್ನು ಲೆಕ್ಕಹಾಕಿ, ಎರಡು ವಿಮಾನಗಳು ಹತ್ತಿರವಾಗುವ ಸೂಚನೆ ಕಂಡೊಡನೆ ಅಧಿಕಾರಿಯನ್ನು ಎಚ್ಚರಿಸುತ್ತದೆ. ಇದಲ್ಲದೆ ಟೀಕ್ಯಾಸ್ ಎಂಬ ಡಿಕ್ಕಿ ತಡೆಯುವ ಯಂತ್ರವನ್ನು ವಿಮಾನಗಳಲ್ಲಿ ಕಡ್ಡಾಯ ಮಾಡಲಾಯಿತು. ಎರಡು ವಿಮಾನಗಳ ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದು “ಏರು” ಎಂದರೆ ಇನ್ನೊಂದು “ಇಳಿ” ಎನ್ನುತ್ತದೆ.

ಯಂತ್ರದ ಉಪಯೋಗ ಎಚ್ಚರಿಕೆಗೆ ಮಾತ್ರವಲ್ಲ, ಸರತಿಗೂ ಉಂಟು. ಮುಂಬಯಿಯ ಎರಡು ಓಡುದಾರಿಗಳು ಒಂದನ್ನೊಂದು ಅಡ್ಡಹಾಯುವುದರಿಂದ ಅವನ್ನು ಪರಸ್ಪರ ಸ್ವತಂತ್ರವಾಗಿ ನಡೆಸುವಂತಿಲ್ಲ. ಇಂಥ ಕಡೆ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಯಾವ ವಿಮಾನ ಎಷ್ಟು ಹೊತ್ತಿಗೆ ಇಳಿಯಬೇಕು, ಯಾವುದು ವೇಗ ತಗ್ಗಿಸಬೇಕು ಎಂಬುದನ್ನು ಕಂಪ್ಯೂಟರ್ ದೂರದಿಂದಲೇ ಲೆಕ್ಕಹಾಕಿ ಕೊಡಬಲ್ಲದು. ಲಂಡನ್ನಿನ ಹೀಥ್ರೋದಲ್ಲಿ ಎದುರುಗಾಳಿ ಜೋರಾದಾಗ ವಿಮಾನಗಳು ನಿಧಾನವಾಗಿ ಇಳಿಯುವುದು ತಡವಾಗುತ್ತಿತ್ತು. 2015ರಿಂದ ಅಲ್ಲಿ ಅಂತರವನ್ನು ಮೈಲಿಯ ಬದಲು ಸಮಯದಿಂದ ಅಳೆಯತೊಡಗಿದರು. ಗಾಳಿಯ ವೇಗ ನೋಡಿ ಕ್ಷಣಕ್ಷಣಕ್ಕೂ ಮಾಡಬೇಕಾದ ಈ ಲೆಕ್ಕ ಯಂತ್ರಕ್ಕೇ ಸುಲಭ.

ಹಾಗಾದರೆ ಮನುಷ್ಯನೇಕೆ ಎನ್ನುವಿರೋ? 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್‌ಲಿಂಗೆನ್ ಊರಿನ ಮೇಲೆ ನಡೆದದ್ದನ್ನು ಕೇಳಿ. ಮಕ್ಕಳೇ ಹೆಚ್ಚಾಗಿದ್ದ ರಷ್ಯದ ಟುಪೊಲೆವ್ ವಿಮಾನಕ್ಕೂ ಒಂದು ಸರಕು ವಿಮಾನಕ್ಕೂ ಡಿಕ್ಕಿಯ ಸಂಭವ ಒದಗಿತು. ಜ್ಯೂರಿಕ್ ಕೇಂದ್ರದಲ್ಲಿ ಒಬ್ಬನೇ ಅಧಿಕಾರಿ ಎರಡು ಮೇಜು ನೋಡುತ್ತಿದ್ದ. ದುರಸ್ತಿಯ ಕಾರಣ ನೆಲದ ಎಚ್ಚರಿಕೆಯ ವ್ಯವಸ್ಥೆ ಪೂರ್ತಿಯಾಗಿ ನಡೆಯುತ್ತಿರಲಿಲ್ಲ. ಯಂತ್ರ ಟುಪೊಲೆವ್‌ಗೆ “ಏರು” ಎಂದಿತು, ಅಧಿಕಾರಿ “ಇಳಿ” ಎಂದ. ಚಾಲಕರು ಮನುಷ್ಯನ ಮಾತು ಕೇಳಿದರು. ಸರಕು ವಿಮಾನ ಯಂತ್ರದ ಮಾತಿನಂತೆ ಇಳಿಯಿತು. ಎರಡೂ ಇಳಿದು ಡಿಕ್ಕಿಯಾಗಿ 71 ಮಂದಿ ಸತ್ತರು.

ಇಲ್ಲಿ ಯಂತ್ರ ಸರಿಯಾಗಿಯೇ ಹೇಳಿತ್ತು. ಇಬ್ಬರು ಯಜಮಾನರು ಎರಡು ಅಪ್ಪಣೆ ಕೊಟ್ಟರೆ ಯಾರ ಮಾತು ನಡೆಯಬೇಕೆಂಬುದು ಎಲ್ಲರಿಗೂ ಒಂದೇ ಆಗಿ ಸ್ಪಷ್ಟವಿರಲಿಲ್ಲ. ಆ ಮೇಲೆ ಅಂತರರಾಷ್ಟ್ರೀಯ ನಿಯಮವನ್ನು ಸ್ಪಷ್ಟಗೊಳಿಸಿದರು: ಅಂಥ ಕ್ಷಣದಲ್ಲಿ ವಿಮಾನದೊಳಗಿನ ಯಂತ್ರದ ಮಾತೇ ಮೇಲು.

ಆದರೂ ಬಿರುಗಾಳಿ ಬಂದಾಗ, ವಿಮಾನದಲ್ಲಿ ಯಾರಿಗಾದರೂ ಕಾಯಿಲೆಯಾದಾಗ, ಯಂತ್ರವೇ ಕೆಟ್ಟಾಗ, ಯಾರನ್ನು ಮೊದಲು ಇಳಿಸಬೇಕೆಂದು ತೀರ್ಮಾನಿಸುವವನು ಮನುಷ್ಯನೇ. ಕಚೇರಿಯಲ್ಲಿ ಲೆಕ್ಕದ ಯಂತ್ರ ಬಂದರೂ ಕೊನೆಗೆ ರುಜು ಹಾಕುವವರು ನಾವೇ ಅಲ್ಲವೇ? ಯಂತ್ರ ಬಂದಿತೆಂದು ರಾತ್ರಿಯ ಪಾಳಿಯಲ್ಲಿ ಒಬ್ಬನನ್ನೇ ಕೂಡಿಸುವುದು ಉಳಿತಾಯವಲ್ಲ. ಲೆಕ್ಕವೂ ಎಚ್ಚರಿಕೆಯೂ ಯಂತ್ರಕ್ಕಿರಲಿ, ವಿವೇಕ ಮನುಷ್ಯನಿಗಿರಲಿ, ಯಾವಾಗ ಯಾರ ಮಾತು ನಡೆಯಬೇಕೆಂಬುದು ಮೊದಲೇ ಗೊತ್ತಾಗಿರಲಿ. ತಲೆಯ ಮೇಲೆ ಹಾಯುವ ವಿಮಾನದಲ್ಲಿ ನಮ್ಮವರೂ ಇರುತ್ತಾರೆ.